ಪೆಟ್ಟಿಗೆಯೊಳಗಿನ ಪುಟ್ಟ ಲೆಕ್ಕಿಗ

ಮಾನ್ವಿಯ ಭತ್ತ, ದೇವದುರ್ಗದ ಹತ್ತಿ ರಾಯಚೂರು ಮಾರುಕಟ್ಟೆಗೆ ಬರುತ್ತವೆ. ಮೊದಲು ತಕ್ಕಡಿಗೆ ಕಲ್ಲು ಹಾಕಿ ತೂಗುತ್ತಿದ್ದರು. ಈಗ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಹಮಾಲಿ ಅಣ್ಣ ಚೀಲ ಇಟ್ಟರೆ ಸಾಕು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಂಕಿ ಮೂಡುತ್ತದೆ.

ಈ ಅಂಕಿ ಹೇಗೆ ಬಂತು? ಯಂತ್ರ ಹೇಳಿದ್ದೆಲ್ಲ ಖರೇನಾ? ತಿಳಿಯೋಣ ಬರ್ರಿ.

ಕಂಪ್ಯೂಟರ್ ಅಂದರೆ ನಮಗೆ ಟಿ.ವಿ.ಯಂಥ ಪೆಟ್ಟಿಗೆ ನೆನಪಾಗುತ್ತದೆ. ಆದರೆ ಉಗುರಿನಷ್ಟು ಚಿಕ್ಕ ಕಂಪ್ಯೂಟರೂ ಇದೆ. ಅದು ಚಿಪ್ಪಿನೊಳಗೆ ಇರುತ್ತದೆ. 1971ರಲ್ಲಿ ಅಮೆರಿಕದ ಇಂಟೆಲ್ ಕಂಪನಿ 4004 ಎಂಬ ಚಿಪ್ ಮಾರಾಟಕ್ಕೆ ತಂದಿತು. ಅದನ್ನು ಮೊದಲು ಮಾಡಿದ್ದು ಲೆಕ್ಕದ ಯಂತ್ರಕ್ಕಾಗಿ. ಈಗ ಕಾಟಾ, ಕರೆಂಟ್ ಮೀಟರ್, ಮೊಬೈಲ್, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ, ಎಲ್ಲದರಲ್ಲೂ ಚಿಪ್ ಅಡಗಿ ಕೂತಿದೆ. ಮತಯಂತ್ರದಲ್ಲೂ ಇದೆ. ಮತಯಂತ್ರ ಮಾಡುವ ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿ ನಮ್ಮ ಬೆಂಗಳೂರಿನದೇ.

ಕಾಟಾ ಹೇಗೆ ತೂಗುತ್ತದೆ?

ಕಾಟಾದ ತಟ್ಟೆಯ ಕೆಳಗೆ ಒಂದು ಲೋಹದ ತುಂಡು ಇದೆ. ಅದಕ್ಕೆ ತೆಳು ತಂತಿ ಅಂಟಿಸಿರುತ್ತಾರೆ. ಭಾರ ಬಿದ್ದಾಗ ಲೋಹ ತುಸು ಬಾಗುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಲೋಹದ ಜೊತೆ ತಂತಿಯೂ ಹಿಗ್ಗುತ್ತದೆ. ಆಗ ತಂತಿಯಲ್ಲಿ ಕರೆಂಟ್ ಹರಿಯುವ ರೀತಿ ಬದಲಾಗುತ್ತದೆ. ಚಿಪ್ ಆ ಬದಲಾವಣೆ ಅಳೆಯುತ್ತದೆ. ಲೆಕ್ಕ ಹಾಕಿ ಕಿಲೋದಲ್ಲಿ ತೋರಿಸುತ್ತದೆ.

ಚಿಪ್ಪಿಗೆ ಸ್ವಂತ ಬುದ್ಧಿ ಇಲ್ಲ. ಮನುಷ್ಯರು ಕಲಿಸಿದ್ದನ್ನು ಮಾಡುತ್ತದೆ. ಸರಿ ಕಲಿಸಿದರೆ ಸರಿ ಹೇಳುತ್ತದೆ. ತಪ್ಪು ಕಲಿಸಿದರೆ ತಪ್ಪನ್ನೇ ಹೇಳುತ್ತದೆ. ಚೀಲಕ್ಕೆ 2 ಕಿಲೋ ಕಡಿಮೆ ತೋರಿಸಿತು ಅನ್ನಿ. 50 ಚೀಲಕ್ಕೆ ಎಷ್ಟಾಯಿತು? 100 ಕಿಲೋ! ಒಂದು ಕ್ವಿಂಟಲ್ ಮಾಲು ಪುಕ್ಕಟೆ ಹೋಯಿತು.

ಹೀಗೆ ಆಗಬಾರದೆಂದೇ ಕಾಯ್ದೆ ಇದೆ. ಅದು 2009ರ ಕಾನೂನು ಮಾಪನ ಕಾಯ್ದೆ. ಅದರ ನಿಯಮದಂತೆ ಎಲೆಕ್ಟ್ರಾನಿಕ್ ಕಾಟಾವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಮುದ್ರೆ ಹಾಕಿಸಬೇಕು. ಅದರ ಸರ್ಟಿಫಿಕೇಟ್ ಎಲ್ಲರಿಗೂ ಕಾಣುವಂತೆ ಇಡಬೇಕು.

ನಾವು ಏನು ನೋಡಬೇಕು?

ಒಂದು, ಚೀಲ ಇಡುವ ಮೊದಲು ಕಾಟಾ 0 ತೋರಿಸಬೇಕು.

ಎರಡು, ಚುಕ್ಕೆ ಎಲ್ಲಿದೆ ನೋಡಿ. 74.500 ಅಂದರೆ 74 ಕಿಲೋ 500 ಗ್ರಾಂ. ಎಪ್ಪತ್ನಾಲ್ಕೂವರೆ ಕಿಲೋ.

ಮೂರು, ಚೀಲ ನೆಲಕ್ಕಾಗಲಿ ಗೋಡೆಗಾಗಲಿ ತಾಗಬಾರದು.

ನಾಲ್ಕು, ಸರ್ಟಿಫಿಕೇಟಿನ ತಾರೀಖು ಓದಿ. ವರ್ಷ ದಾಟಿದ್ದರೆ ಕೇಳಿ.

ಅನುಮಾನ ಬಂದರೆ ಬೇರೆ ಕಾಟಾದಲ್ಲಿ ತೂಗಿಸಿ. ತೂಕ ಮತ್ತು ಅಳತೆ ಇಲಾಖೆಗೆ ದೂರು ಕೊಡಬಹುದು.

ಕರೆಂಟ್ ಮೀಟರಿಗೂ ಲೆಕ್ಕ ಇದೆ. 1000 ವ್ಯಾಟಿನ ಹೀಟರ್ ಒಂದು ತಾಸು ಉರಿದರೆ 1 ಯೂನಿಟ್. ತಿಂಗಳಿಗೊಮ್ಮೆ ಮೀಟರಿನ ಅಂಕಿ ಬರೆದಿಡಿ. ಈ ತಿಂಗಳ ಅಂಕಿಯಲ್ಲಿ ಹೋದ ತಿಂಗಳ ಅಂಕಿ ಕಳೆಯಿರಿ. ಉಳಿದದ್ದೇ ನಾವು ಸುಟ್ಟ ಯೂನಿಟ್. ಬಿಲ್ಲಿನಲ್ಲೂ ಅಷ್ಟೇ ಇದೆಯೇ ನೋಡಿ.

ರೇಷನ್ ಅಂಗಡಿಯಲ್ಲಿ ಯಂತ್ರ ನಮ್ಮ ಹೆಬ್ಬೆಟ್ಟು ಕೇಳುತ್ತದೆ. ಗುರುತು ಹಿಡಿಯಲು ಅದು ಬೇಕು, ಕೊಡೋಣ. ಆದರೆ ಚೀಟಿ ಬಂದ ಮೇಲೆ ಹಾಗೇ ಮಡಚಿ ಇಡಬೇಡಿ. ಅಕ್ಕಿ ಎಷ್ಟು ಕಿಲೋ ಎಂದು ಬರೆದಿದೆ, ಚೀಲದಲ್ಲಿ ಎಷ್ಟು ಬಂತು, ಎರಡನ್ನೂ ನೋಡಿ.

ಅಕ್ಷರ ಕಲಿತೆವು, ಅಂಕಿ ಕಲಿತೆವು. ಯಂತ್ರ ಲೆಕ್ಕ ಹಾಕಲಿ. ಆ ಲೆಕ್ಕ ಸರಿಯೋ ತಪ್ಪೋ ನಾವು ನೋಡೋಣ.