ಒಂದೇ ದೋಣಿಯ ಗಾಳಗಾರರು

1932ರ ಜೂನ್ 2. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮಳೆ ಹಿಡಿದಿತ್ತು, ಹೊಲಕ್ಕೆ ಕಾಲಿಡುವಂತಿರಲಿಲ್ಲ. ಜಾರ್ಜ್ ಪೆರಿ ಎಂಬ ಇಪ್ಪತ್ತರ ಹರೆಯದ ರೈತ ಗೆಳೆಯ ಜ್ಯಾಕ್ ಪೇಜ್‌ನನ್ನು ಕರೆದುಕೊಂಡು ಮೀನು ಹಿಡಿಯಲು ಹೊರಟ. ಅವರು ಹೋದದ್ದು ಆಕ್ಮಲ್ಗೀ ನದಿ ಪಾತ್ರ ಬದಲಿಸಿದಾಗ ಹಿಂದೆ ಉಳಿದುಹೋದ ಒಂದು ಮಡುವಿಗೆ. ಇಬ್ಬರಿಗೂ ಸೇರಿ ಇದ್ದದ್ದು ಒಂದು ಕೋಲು, ಒಂದು ರೀಲು. ಸರದಿಯ ಮೇಲೆ ಎಸೆಯಬೇಕು. ಪೆರಿಯ ಸರದಿಯಲ್ಲಿ ಕಚ್ಚಿದ ಮೀನು 22 ಪೌಂಡ್ 4 ಔನ್ಸ್ ತೂಗಿತು, ಅಂದರೆ ಹತ್ತು ಕಿಲೋಗೂ ಮಿಗಿಲು. ಆರ್ಥಿಕ ಕುಸಿತದ ದಿನಗಳು. ಮೀನನ್ನು ತೂಗಿಸಿ, ಪತ್ರಿಕೆಯೊಂದರ ಸ್ಪರ್ಧೆಗೆ ವಿವರ ಕಳಿಸಿದ ಪೆರಿ ಅದನ್ನು ಮನೆಗೆ ಒಯ್ದ. ಮನೆಮಂದಿ ಅಡುಗೆ ಮಾಡಿ ಊಟ ಮಾಡಿದರು. ಸ್ಪರ್ಧೆಯಲ್ಲಿ 75 ಡಾಲರ್ ಬೆಲೆಯ ಸಾಮಾನು ಬಹುಮಾನವಾಗಿ ಬಂತು.

ಆ ತೂಕ ದಾಖಲೆಯಾಯಿತು. 77 ವರ್ಷ ಆ ದಾಖಲೆಯನ್ನು ಯಾರೂ ಮುಟ್ಟಲಿಲ್ಲ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಹೆಚ್ಚುಕಡಿಮೆ ಒಂದು ಔನ್ಸ್ ಹೆಚ್ಚು ತೂಗಿತು. ಆದರೆ ಹಳೆಯ ದಾಖಲೆ ಮುರಿಯಬೇಕಾದರೆ ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕು ಎನ್ನುವುದು ಇಂಥ ದಾಖಲೆಗಳನ್ನು ಇಡುವ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ. ಕುರಿತಾ ಸುಳ್ಳು ಪತ್ತೆ ಪರೀಕ್ಷೆಗೂ ಕುಳಿತು ಬಂದ ಮೇಲೆ, ದಾಖಲೆಯನ್ನು ಇಬ್ಬರ ಹೆಸರಿನಲ್ಲೂ ಬರೆದರು.

ಇಷ್ಟೆಲ್ಲ ನಡೆದದ್ದು ಲಾರ್ಜ್‌ಮೌತ್ ಬಾಸ್ ಎಂಬ ಮೀನಿನ ಸುತ್ತ. ಉತ್ತರ ಅಮೆರಿಕದ ಸಿಹಿನೀರಿನ ಮೀನು, ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ. ಬಾಯಿ ಎಷ್ಟು ದೊಡ್ಡದೆಂದರೆ ಮೇಲ್ದವಡೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ಇದು ಬೆನ್ನಟ್ಟಿ ಹಿಡಿಯುವ ಮೀನಲ್ಲ, ಹೊಂಚು ಹಾಕುವ ಮೀನು. ಜೊಂಡಿನ ಅಂಚಿನಲ್ಲಿ, ಮುಳುಗಿದ ಮರದ ಕೊರಡಿನ ಪಕ್ಕದಲ್ಲಿ ಅಲುಗಾಡದೆ ನಿಂತಿದ್ದು, ಬೇಟೆ ಹತ್ತಿರ ಬಂದೊಡನೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಒಳಗೆ ಬಂದದ್ದು ತಿನ್ನುವಂಥದಲ್ಲ ಎನಿಸಿದರೆ ಅಷ್ಟೇ ಬೇಗ ಉಗಿದೂ ಬಿಡುತ್ತದೆ. ಗಾಳಗಾರನ ವಿದ್ಯೆಯೆಲ್ಲ ಇರುವುದು ಆ ಎಳೆದುಕೊಳ್ಳುವಿಕೆ ಮತ್ತು ಉಗಿಯುವಿಕೆಯ ನಡುವಿನ ಕ್ಷಣದಲ್ಲಿ. ವಸಂತದಲ್ಲಿ ನೀರು ಬೆಚ್ಚಗಾದಾಗ ಗಂಡು ಮೀನು ದಡದ ಬಳಿ ಬಾಲದಿಂದ ಗುಡಿಸಿ ಗೂಡು ಮಾಡುತ್ತದೆ, ಮೊಟ್ಟೆಯನ್ನೂ ಮರಿಗಳನ್ನೂ ಕಾಯುತ್ತದೆ. ನಮ್ಮ ಕೆರೆಗಳ ಕುಚ್ಚು ಮೀನು ಮರಿಗಳ ಹಿಂಡನ್ನು ಕಾಯುವುದನ್ನು ಕಂಡವರಿಗೆ ಈ ಸ್ವಭಾವ ಹೊಸದಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ನದಿಗಳಿಗೆ ಒಂದರ ಹಿಂದೆ ಒಂದರಂತೆ ಅಣೆಕಟ್ಟು ಬಂದವು. ಕಣಿವೆಗಳು ಮುಳುಗಿದವು. ಕಾಡು, ಬೇಲಿ, ಹಳೆಯ ರಸ್ತೆ, ಸೇತುವೆಗಳೆಲ್ಲ ನೀರಿನಡಿ ಸೇರಿದವು. ಹೊಂಚು ಹಾಕುವ ಮೀನಿಗೆ ಇನ್ನೇನು ಬೇಕು? ಬಾಸ್ ಸಂತತಿ ಹುಲುಸಾಗಿ ಬೆಳೆಯಿತು. ಊರೂರಿನಲ್ಲಿ ಗಾಳಗಾರರೂ ಬೆಳೆದರು. ಆದರೆ ಯಾವ ಕೊರಡಿನ ಬಳಿ ಮೀನಿದೆ, ಯಾವ ಬಣ್ಣಕ್ಕೆ ಕಚ್ಚುತ್ತದೆ ಎಂಬ ಗುಟ್ಟನ್ನು ಪ್ರತಿಯೊಬ್ಬನೂ ತನ್ನಲ್ಲೇ ಇಟ್ಟುಕೊಳ್ಳುತ್ತಿದ್ದ.

ಆ ಗುಟ್ಟಿನ ಗಂಟು ಬಿಚ್ಚಿದ್ದು ಮತ್ತೊಂದು ಮಳೆ. 1967ರ ಮಾರ್ಚಿನಲ್ಲಿ ಅಲಬಾಮಾದ ವಿಮಾ ಮಾರಾಟಗಾರ ರೇ ಸ್ಕಾಟ್ ಮಿಸಿಸಿಪ್ಪಿಯಲ್ಲಿ ಮೀನು ಹಿಡಿಯಲು ಹೋಗಿ, ಮಳೆಗೆ ಸಿಕ್ಕಿ ವಸತಿಗೃಹ ಸೇರಿದರು. ಟಿವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಮೀನು ಹಿಡಿಯುವುದಕ್ಕೂ ಹೀಗೇ ನಿಯಮವಿಟ್ಟು ಪಂದ್ಯ ಏಕೆ ನಡೆಸಬಾರದು ಎಂಬ ಯೋಚನೆ ಅಲ್ಲಿಯೇ ಬಂತು. ಅದೇ ಜೂನ್‌ನಲ್ಲಿ ಅರ್ಕನ್ಸಾದ ಬೀವರ್ ಲೇಕ್‌ನಲ್ಲಿ 106 ಮಂದಿ ತಲಾ 100 ಡಾಲರ್ ಪ್ರವೇಶ ಶುಲ್ಕ ಕಟ್ಟಿ ಸೇರಿದರು. ಗೆದ್ದವರು ಟೆನೆಸಿಯ ಸ್ಟ್ಯಾನ್ ಸ್ಲೋನ್. ಮುಂದೆ ‘ಬಾಸ್’ ಎಂಬ ಹೆಸರಿನ ಸಂಘವೇ ಹುಟ್ಟಿತು. 1971ರಲ್ಲಿ ಬಾಸ್‌ಮಾಸ್ಟರ್ ಕ್ಲಾಸಿಕ್ ಶುರುವಾಯಿತು. ಮೊದಲ ವರ್ಷ 24 ಸ್ಪರ್ಧಿಗಳನ್ನು ವಿಮಾನ ಹತ್ತಿಸಿ, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಆಕಾಶಕ್ಕೆ ಏರಿದ ಮೇಲೆ ಹೇಳಿದರು. ನೆವಾಡಾದ ಲೇಕ್ ಮೀಡ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಬಾಬಿ ಮರ್ರಿ 10,000 ಡಾಲರ್ ಗೆದ್ದರು.

ಸ್ಕಾಟ್ ಮಾಡಿದ ನಿಯಮಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪರಿಣಾಮ ಬೀರಿದ್ದು ಜೋಡಿಯ ನಿಯಮ. ಚೀಟಿ ಎತ್ತಿ ಇಬ್ಬಿಬ್ಬರನ್ನು ಒಂದು ದೋಣಿಗೆ ಹಾಕುತ್ತಿದ್ದರು. ಮೋಸ ನಡೆಯದಂತೆ ಒಬ್ಬರ ಮೇಲೊಬ್ಬರು ಕಣ್ಣಿಡಲಿ ಎಂಬುದು ಉದ್ದೇಶ. ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ದೋಣಿಯಲ್ಲಿ ನಿಂತವನ ಕೈಚಳಕವನ್ನು ನೋಡದೆ ಇರಲು ಸಾಧ್ಯವೇ? ಕ್ಯಾಲಿಫೋರ್ನಿಯಾದ ಡೀ ಥಾಮಸ್ ಕಥೆ ಇದಕ್ಕೆ ಸಾಕ್ಷಿ. ಅವರು ಮೊದಲು ಹನ್ನೆರಡು ಅಡಿಗೂ ಉದ್ದದ ಕೋಲು ಹಿಡಿದು ಜೊಂಡಿನ ಸಂದಿಗೆ ಗಾಳ ಇಳಿಸುತ್ತಿದ್ದರು. ಕೆರೆಯಂಚಿನಲ್ಲಿ ಬಿದಿರು ಕೋಲು ಹಿಡಿದು ನಿಲ್ಲುವ ನಮ್ಮವರ ಪದ್ಧತಿಗೆ ತೀರ ಹತ್ತಿರದ್ದು. ಉಳಿದ ಸ್ಪರ್ಧಿಗಳು ತಕರಾರು ತೆಗೆದಾಗ ಕೋಲನ್ನು ಮೊಟಕುಗೊಳಿಸಿ, ಎಡಗೈಯಲ್ಲಿ ದಾರವನ್ನು ಎಳೆದು ಹಿಡಿದು, ಗಾಳವನ್ನು ತೂಗಿಬಿಟ್ಟು, ಸದ್ದಿಲ್ಲದೆ ಪೊದೆಯೊಳಗೆ ಇಳಿಸುವ ‘ಫ್ಲಿಪಿಂಗ್’ ರೂಢಿಸಿಕೊಂಡರು. 1975ರಲ್ಲಿ ಅರ್ಕನ್ಸಾದ ಬುಲ್ ಶೋಲ್ಸ್ ಲೇಕ್‌ಗೆ ಬಂದು ಪಂದ್ಯವನ್ನೇ ಗೆದ್ದರು. ಅದೇ ದೋಣಿಯಲ್ಲಿ ನಿಂತು ನೋಡಿದವರಿಂದ ಹರಡಿ, ಮುಂದಿನ ವರ್ಷಗಳಲ್ಲಿ ದೇಶದ ಗಾಳಗಾರರೆಲ್ಲ ಫ್ಲಿಪಿಂಗ್ ಕಲಿತರು. ಪೈಪೋಟಿಗೆಂದು ಕಟ್ಟಿದ ದೋಣಿ ಹೀಗೆ ಪಾಠಶಾಲೆಯೂ ಆಯಿತು.

ಇನ್ನು ಸಲಕರಣೆ. ಬಾಸ್ ಗಾಳಗಾರನ ರೀಲು ಹುಟ್ಟಿದ್ದು ಗಡಿಯಾರದ ಅಂಗಡಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೆಂಟಕಿಯ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ಹಲ್ಲುಚಕ್ರಗಳನ್ನು ಜೋಡಿಸಿ, ಹಿಡಿಕೆ ಒಂದು ಸುತ್ತು ತಿರುಗಿದರೆ ದಾರದ ಉರುಳೆ ಹಲವು ಸುತ್ತು ತಿರುಗುವಂಥ ರೀಲು ಮಾಡಿದರು. ಇಂದಿನ ಬೇಟ್‌ಕಾಸ್ಟಿಂಗ್ ರೀಲು ಅದರದೇ ವಂಶದ್ದು. ಇದನ್ನು ಎಸೆಯುವುದು ಕಲಿಯಲು ತಾಳ್ಮೆ ಬೇಕು. ಎಸೆದಾಗ ಗಾಳದ ಭಾರಕ್ಕೆ ಉರುಳೆ ತಿರುಗಿ ದಾರ ಬಿಡುತ್ತದೆ. ಗಾಳ ನೀರಿಗೆ ಬೀಳುವ ಹೊತ್ತಿಗೆ ಅದರ ವೇಗ ಇಳಿದಿರುತ್ತದೆ, ಉರುಳೆಯದು ಇಳಿದಿರುವುದಿಲ್ಲ. ಹೆಬ್ಬೆರಳನ್ನು ಮೆಲ್ಲಗೆ ಒತ್ತಿ ತಡೆಯದಿದ್ದರೆ ಹೊರಬರಲಾಗದ ದಾರ ಒಳಗೇ ಉಬ್ಬಿ, ಹರಿದ ಗಾಳಿಪಟದ ದಾರದಂತೆ ಗೋಜಲಾಗುತ್ತದೆ. ಈಗಿನ ರೀಲುಗಳಲ್ಲಿ ಆಯಸ್ಕಾಂತದ ಬ್ರೇಕು ಇದೆ. ಆದರೂ ಅನುಭವಸ್ಥರು ನಂಬುವುದು ಹೆಬ್ಬೆರಳನ್ನೇ.

ದಾರದಲ್ಲಿ ಮೂರು ಬಗೆ. ನಮ್ಮಲ್ಲಿ ತಂಗೂಸಿ ಎನ್ನುವ ನೈಲಾನ್ ದಾರ ಹಿಗ್ಗುತ್ತದೆ, ಬೇಗ ಮುಳುಗುವುದಿಲ್ಲ, ನೀರ ಮೇಲೆ ಆಡಿಸುವ ಗಾಳಕ್ಕೆ ಸರಿ. ಫ್ಲೋರೋಕಾರ್ಬನ್ ಮುಳುಗುತ್ತದೆ, ತಿಳಿನೀರಿನಲ್ಲಿ ಮೀನಿನ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಹೆಣೆದ ದಾರ ಹಿಗ್ಗುವುದೇ ಇಲ್ಲ, ದಟ್ಟ ಕಳೆಯೊಳಗಿಂದ ದೊಡ್ಡ ಮೀನನ್ನು ಎಳೆದು ತರಲು ಅದೇ ಬೇಕು.

ಗಾಳಕ್ಕೆ ಸಿಕ್ಕಿಸುವ ಹುಸಿ ಬೇಟೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದನ್ನು ಬಿಡಿಸಿ ನೋಡಿದರೆ ಉಳಿದದ್ದರ ಮರ್ಮ ತಿಳಿಯುತ್ತದೆ. 1949ರ ಸುಮಾರಿಗೆ ಒಹಾಯೋದ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕೊಸ್ಮಾ ಅಡುಗೆಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ ಕರಗಿಸಿ, ಅಚ್ಚಿಗೆ ಹೊಯ್ದು ಮೆತ್ತನೆಯ ಎರೆಹುಳು ಮಾಡಿದರು. ನಿಜವಾದ ಎರೆಹುಳು ಒಂದೆರಡು ಕಡಿತಕ್ಕೆ ಮುಗಿಯುತ್ತದೆ, ಇದು ಬಾಳಿಕೆ ಬರುತ್ತದೆ. ಇದನ್ನು ಕಟ್ಟುವ ‘ಟೆಕ್ಸಾಸ್ ರಿಗ್’ ಹೀಗಿದೆ: ದಾರಕ್ಕೆ ಮೊದಲು ಗುಂಡಿನಾಕಾರದ ಚಿಕ್ಕ ಭಾರ ಪೋಣಿಸಿ ಗಾಳ ಕಟ್ಟುತ್ತಾರೆ. ಗಾಳದ ಮೊನೆಯನ್ನು ಹುಳುವಿನ ತಲೆಯೊಳಗೆ ಕಾಲಿಂಚು ತೂರಿಸಿ ಪಕ್ಕದಿಂದ ಹೊರತೆಗೆದು, ಗಾಳವನ್ನು ಅರ್ಧ ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೆ ಹುದುಗಿಸುತ್ತಾರೆ. ಹುಳು ನೆಟ್ಟಗೆ ನಿಲ್ಲಬೇಕು, ಸೊಟ್ಟಗಾದರೆ ನೀರಿನಲ್ಲಿ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ಮೊನೆ ಮುಚ್ಚಿರುವುದರಿಂದ ಕಳೆಯ ನಡುವೆಯೂ ಕೊರಡಿನ ಮೇಲೂ ಸಿಕ್ಕಿಕೊಳ್ಳದೆ ಜಾರುತ್ತದೆ. ತಳ ಮುಟ್ಟಿದ ಮೇಲೆ ಕೋಲಿನ ತುದಿಯನ್ನು ಸ್ವಲ್ಪ ಎತ್ತಿ, ಇಳಿಸಿ, ಕಾಯುವುದು. ಬಾಸ್ ಕಚ್ಚಿದಾಗ ದೊಡ್ಡ ಜಗ್ಗು ಬರುವುದಿಲ್ಲ. ಬೆರಳಿಗೆ ‘ಟಕ್’ ಎನ್ನುವುದು ತಿಳಿಯುತ್ತದೆ, ಅಥವಾ ದಾರ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ಆಗ ಕೋಲನ್ನು ಗಟ್ಟಿಯಾಗಿ ಎತ್ತಿದರೆ ಮೊನೆ ಪ್ಲಾಸ್ಟಿಕ್ ಸೀಳಿಕೊಂಡು ದವಡೆಗೆ ನಾಟುತ್ತದೆ.

ಕ್ರ್ಯಾಂಕ್‌ಬೇಟ್ ಎಂಬ ಮರದ ಅಥವಾ ಪ್ಲಾಸ್ಟಿಕ್ ಮೀನಿನ ರೀತಿಯೇ ಬೇರೆ. ಅದನ್ನು ವೇಗವಾಗಿ ಎಳೆದು ಕೊರಡಿಗೆ ಬೇಕೆಂದೇ ತಾಗಿಸುತ್ತಾರೆ. ತಾಗಿ ದಿಕ್ಕು ತಪ್ಪಿದ ಕ್ಷಣದಲ್ಲೇ ಬಾಸ್ ಎರಗುವುದು ಹೆಚ್ಚು.

ಹಿಡಿದ ಬಾಸ್‌ನ ಕೆಳದುಟಿಯನ್ನು ಹೆಬ್ಬೆರಳು ಒಳಗಿಟ್ಟು ಹಿಡಿದರೆ ಅದು ಅಲುಗಾಡದೆ ನಿಲ್ಲುತ್ತದೆ. ಅದರ ಹಲ್ಲು ಕಚ್ಚುವಂಥದ್ದಲ್ಲ, ಮರಳು ಕಾಗದದಷ್ಟು ಒರಟು. ದಿನವಿಡೀ ಮೀನು ಹಿಡಿದವರ ಹೆಬ್ಬೆರಳ ಚರ್ಮ ತರಿತರಿಯಾಗಿರುತ್ತದೆ. ಅವರಿಗೆ ಅದು ಹೆಮ್ಮೆಯ ಗುರುತು. ಮೊದಲ ಪಂದ್ಯಗಳಲ್ಲಿ ಹಿಡಿದ ಮೀನೆಲ್ಲ ಸಾಯುತ್ತಿತ್ತು, ಜನ ಆಕ್ಷೇಪಿಸುತ್ತಿದ್ದರು. 1972ರಲ್ಲಿ ಸ್ಕಾಟ್ ‘ಹಿಡಿದದ್ದನ್ನು ಕೊಲ್ಲಬೇಡಿ’ ಎಂದು ಸಾರಿದರು. ದೋಣಿಗಳಲ್ಲಿ ಗಾಳಿಯಾಡುವ ನೀರಿನ ತೊಟ್ಟಿ ಬಂತು. ಸಾಮಾನ್ಯವಾಗಿ ದಿನಕ್ಕೆ ಅತಿ ಹೆಚ್ಚು ತೂಕದ ಐದು ಮೀನು ಮಾತ್ರ ಲೆಕ್ಕಕ್ಕೆ, ಸತ್ತ ಮೀನಿಗೆ ತೂಕದಲ್ಲಿ ಕಡಿತ, ತೂಗಿದ ಮೇಲೆ ಮತ್ತೆ ನೀರಿಗೆ. ಜೋಡಿಯ ನಿಯಮದಂತೆ ಇದೂ ಸ್ಕಾಟ್ ಅವರ ದೊಡ್ಡ ಕೊಡುಗೆ.

ಅದೇ 1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಕಾವೇರಿ ಪಾತ್ರದ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಮಹಶೀರ್ ಮೀನನ್ನು ಕಾಯಲು ಮುಂದಾದವರೂ ಗಾಳಗಾರರೇ. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದ ಸೀಮೆ ಇದು. ರಾಗಿ ಹಿಟ್ಟಿನ ಉಂಡೆಯೇ ಅಲ್ಲಿ ಎರೆ. ಹಿಡಿದದ್ದನ್ನು ತೂಗಿ ಬಿಡುವ ರೂಢಿ ಅಲ್ಲೂ ಬೆಳೆಯಿತು. ಈಗ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನಂಚಿನ ಪಟ್ಟಿಯ ತುದಿಯಲ್ಲಿದೆ.

ಎಲ್ಲ ನೀರಿಗೂ ಒಂದೇ ನ್ಯಾಯ ಒಪ್ಪುವುದಿಲ್ಲ. ಜಪಾನಿಗೆ ಬಾಸ್ ಹೊರಗಿನಿಂದ, 1925ರಲ್ಲಿ ತಂದುಬಿಟ್ಟ ಮೀನು. ಅಲ್ಲಿನ ಸ್ಥಳೀಯ ಮೀನುಗಳನ್ನು ತಿಂದು ತೇಗುತ್ತಿದೆ. ಹಾಗಾಗಿ ಬಿವಾ ಸರೋವರದಲ್ಲಿ ಹಿಡಿದ ಬಾಸನ್ನು ಮರಳಿ ಬಿಡುವಂತಿಲ್ಲ. ದಡದಲ್ಲಿ ಅದಕ್ಕೆಂದೇ ಪೆಟ್ಟಿಗೆಗಳಿವೆ.

ಆ ಜಪಾನಿನಿಂದಲೇ ಬಂದವರು ತಕಾಹಿರೊ ಒಮೊರಿ. 1992ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇಂಗ್ಲಿಷ್ ಸರಿಯಾಗಿ ಬಾರದೆ ಅಮೆರಿಕಕ್ಕೆ ಬಂದು, ವಾಹನದಲ್ಲೇ ಮಲಗಿ ಎದ್ದು ಪಂದ್ಯದಿಂದ ಪಂದ್ಯಕ್ಕೆ ಅಲೆದರು. 2004ರಲ್ಲಿ ಲೇಕ್ ವೈಲಿಯಲ್ಲಿ, ಕೊನೆಯ ಕೆಲವೇ ನಿಮಿಷಗಳಲ್ಲಿ ಹಿಡಿದ ಮೀನಿನಿಂದ ಕ್ಲಾಸಿಕ್ ಗೆದ್ದರು. 2009ರಲ್ಲಿ ಕಿಮ್ ಬೇನ್-ಮೂರ್ ಕ್ಲಾಸಿಕ್‌ನಲ್ಲಿ ಸ್ಪರ್ಧಿಸಿದ ಮೊದಲ ಮಹಿಳೆಯಾದರು. 2019ರಲ್ಲಿ ರಿಕ್ ಕ್ಲನ್ 72ರ ವಯಸ್ಸಿನಲ್ಲಿ ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯಲ್ಲಿ ತರುಣರನ್ನು ಹಿಂದಿಕ್ಕಿ ಗೆದ್ದರು. ಮಾತು, ವಯಸ್ಸು, ಹುಟ್ಟೂರು ಇಲ್ಲಿ ಅಡ್ಡ ಬರುವುದು ಕಡಿಮೆ. ನೀರು ಓದಲು ಬಲ್ಲವನಿಗೆ ಜೊತೆಗಾರರು ಸಿಗುತ್ತಾರೆ.

ಈಗ ಈ ಬಳಗದಲ್ಲಿ ಬಿಸಿ ಚರ್ಚೆ ನಡೆದಿರುವುದು ಸೋನಾರ್ ಬಗ್ಗೆ. 1950ರ ದಶಕದ ಕೊನೆಯಲ್ಲಿ ಕಾರ್ಲ್ ಲೋರೆನ್ಸ್ ಮಾರುಕಟ್ಟೆಗೆ ತಂದ ಹಸಿರು ಪೆಟ್ಟಿಗೆ ದೋಣಿಯಡಿಯ ಆಳವನ್ನೂ ಮೀನಿನ ಇರವನ್ನೂ ತೋರುತ್ತಿತ್ತು. 2018ರಲ್ಲಿ ಬಂದ ಗಾರ್ಮಿನ್ ಲೈವ್‌ಸ್ಕೋಪ್ ದೋಣಿಯ ಮುಂದಿನ ನೀರನ್ನೇ ತೆರೆಯ ಮೇಲೆ ತರುತ್ತದೆ. ಮೀನು ಗಾಳದತ್ತ ಬರುವುದು, ಮೂಸುವುದು, ಹಿಂದೆ ಸರಿಯುವುದು ಎಲ್ಲ ಕಾಣುತ್ತದೆ. ಹುಡುಗರು ಹಿರಿಯರನ್ನು ಸುಲಭವಾಗಿ ಸೋಲಿಸತೊಡಗಿದರು. ದೊಡ್ಡ ಪಂದ್ಯಾವಳಿಗಳ ಸಂಘಟಕರು ಇದರ ಬಳಕೆಗೆ ಮಿತಿ ಹಾಕತೊಡಗಿದ್ದಾರೆ, ಹಾಕಿದ್ದು ಒಳ್ಳೆಯದೇ ಆಯಿತು. ತೆರೆ ನೋಡುತ್ತ ನಿಂತವನಿಗೆ ಪಕ್ಕದವನ ಕೈ ನೋಡಲು ಬಿಡುವೆಲ್ಲಿ? ಕಲಿಯುವ ದಾರಿ ಅಲ್ಲಿಗೆ ಕಿರಿದಾಗುತ್ತದೆ.

ಆ ದಾರಿ ಇನ್ನೂ ಅಗಲವಾಗಿರುವುದು ಶಾಲೆಗಳಲ್ಲಿ. ಅಮೆರಿಕದ ಎಷ್ಟೋ ಪ್ರೌಢಶಾಲೆಗಳಲ್ಲಿ ಈಗ ಬಾಸ್ ತಂಡಗಳಿವೆ. ಪಂದ್ಯದ ದಿನ ಒಂದು ದೋಣಿಯಲ್ಲಿ ಇಬ್ಬರು ವಿದ್ಯಾರ್ಥಿಗಳು, ಜೊತೆಗೆ ದೋಣಿ ನಡೆಸಲು ದೊಡ್ಡವರೊಬ್ಬರು. ತಂದೆಯೋ ಚಿಕ್ಕಪ್ಪನೋ ಊರಿನ ಹಿರಿಯ ಗಾಳಗಾರನೋ ಆ ಜಾಗದಲ್ಲಿ ಕೂರುತ್ತಾರೆ. ನಿಯಮದ ಪ್ರಕಾರ ಅವರು ಗಾಳ ಹಾಕುವಂತಿಲ್ಲ.