ರೇಸ್ ಕೊಟ್ಟರೆ ಬಿಕ್ಕುವ ಗಾಡಿ

ನಮ್ಮ ಕಡೆಯ ಅಲಖನೂರ ಸುತ್ತಲಿನ ಕಬ್ಬು ಕಾರ್ಖಾನೆಗೆ ಹೋದರೆ ಈಗ ಬರೀ ಸಕ್ಕರೆಯಾಗುವುದಿಲ್ಲ. ಕಬ್ಬಿನ ಒಂದು ಪಾಲು ಎಥೆನಾಲ್ ಆಗಿ ಪೆಟ್ರೋಲ್ ಬಂಕ್ ಸೇರುತ್ತದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಹಳೆಯ ಯೆಜ್ಡಿ, ಬುಲೆಟ್ ಇಟ್ಟುಕೊಂಡವರು ಮಿಸ್ತ್ರಿಯ ಮುಂದೆ ಹೇಳುವ ದೂರು ಮಾತ್ರ ಅದಕ್ಕಿಂತ ಹಳೆಯದು: ‘ಸ್ಲೋದಾಗ ಚಲೋ ಅದರೀ. ರೇಸ್ ಕೊಟ್ಟೆ ಅಂದ್ರ ಒಮ್ಮೆ ಬಿಕ್ಕಿ, ಆಮ್ಯಾಲೆ ಎಳೀತದ.’

ಎಕ್ಸಲರೇಟರ್ ತಿರುವಿದ ಕೂಡಲೇ ಕಾರ್ಬೊರೇಟರಿನ ಸ್ಲೈಡ್ ಮೇಲೇಳುತ್ತದೆ. ಹಗುರಾದ ಗಾಳಿ ಥಟ್ಟನೆ ನುಗ್ಗುತ್ತದೆ, ಭಾರವಾದ ಪೆಟ್ರೋಲ್ ಹಿಂದೆ ಬೀಳುತ್ತದೆ, ಮಿಶ್ರಣ ತೆಳುವಾಗುತ್ತದೆ. ಹಳೆಯ ಹಲವು ಕಾರು, ಜೀಪುಗಳಲ್ಲಿ ಈ ಕೊರತೆ ತುಂಬಲೆಂದೇ ಸಣ್ಣ ಪಂಪೊಂದಿದ್ದು, ಪೆಡಲ್ ತುಳಿದಾಗ ಪೆಟ್ರೋಲ್ ಚಿಮ್ಮಿಸುತ್ತದೆ. ನಮ್ಮ ಹಳೆಯ ಬೈಕುಗಳಲ್ಲಿ ಅದಿಲ್ಲ. ಸ್ಲೋದಲ್ಲಿ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ಸ್ಲೋ ಜೆಟ್ಟೂ ಸ್ಲೈಡಿನ ಅಂಚಿನ ಕೊರೆತವೂ ಸೇರಿ ಆ ಕ್ಷಣವನ್ನು ದಾಟಿಸಬೇಕು. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಹೀಗಾಗಿ ಜೆಟ್ ಹಳೆಯದೇ ಇದ್ದರೆ ಹೊಸ ಪೆಟ್ರೋಲಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ.

ಆದರೂ ನುರಿತ ಮಿಸ್ತ್ರಿ ಮೊದಲು ಕಾರ್ಬೊರೇಟರಿಗೆ ಕೈ ಹಾಕುವುದಿಲ್ಲ. ಕಿಡಿಯ ಗಳಿಗೆ ನಿರ್ಧರಿಸುವ ಪಾಯಿಂಟ್ ನೋಡುತ್ತಾನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಕಟ್ಟಿದ ಜಾವಾ, ಯೆಜ್ಡಿಗಳಲ್ಲಿ ಕಿಡಿ ಹಾರುವುದು ಪಾಯಿಂಟ್ ಬಿಚ್ಚಿಕೊಂಡ ಗಳಿಗೆಗೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಪಿಸ್ಟನ್ ಎಷ್ಟು ಮೇಲಿದೆಯೆಂದು ಅಳೆದುಕೊಳ್ಳುತ್ತಾನೆ. ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಎಂಜಿನ್ನನ್ನು ಕೈಯಿಂದ ಒಂದಿಷ್ಟೇ ತಿರುಗಿಸುತ್ತ ಕಾಗದವನ್ನು ಮೆಲ್ಲಗೆ ಜಗ್ಗುತ್ತಿರುತ್ತಾನೆ. ಬಿಗಿಯಾಗಿದ್ದ ಕಾಗದ ಸರಕ್ಕನೆ ಜಾರಿತೋ, ಕಿಡಿಯ ಗಳಿಗೆ ಅದೇ. ಪಿಸ್ಟನ್ ಆಗ ಇರಬೇಕಾದ ಎತ್ತರದಲ್ಲಿ ಇಲ್ಲದಿದ್ದರೆ ಪಾಯಿಂಟ್ ಕೂತ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡುತ್ತಾನೆ. ಗಂಟೆಗಟ್ಟಲೆ ನಿಂತು ನೋಡಬಹುದಾದ ಕೆಲಸವಿದು.

ಪೂರ್ತಿ ಬಿಚ್ಚಿದಾಗ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಕ್ಯಾಮಿಗೆ ಉಜ್ಜುವ ಫೈಬರ್ ಸವೆದರೆ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಬುಲೆಟ್ಟಿನಲ್ಲಿ ವೇಗ ಏರಿದಂತೆ ಕಿಡಿಯನ್ನು ಮುಂಚಿತ ಮಾಡುವ ತೂಕದ ತುಂಡುಗಳಿವೆ; ಅವು ತುಕ್ಕಿಗೆ ಕಚ್ಚಿಕೊಂಡರೂ ಇದೇ ಬಿಕ್ಕಳಿಕೆ. ಇದು ಗೊತ್ತಿಲ್ಲದವರು ಜೆಟ್ ಮೇಲೆ ಜೆಟ್ ಬದಲಿಸಿ ಗಿರಾಕಿಯ ದುಡ್ಡು ಕಳೆಯುತ್ತಾರೆ. ಜೆಟ್ಟಿಗೆ ತಂತಿ ಚುಚ್ಚುವುದಂತೂ ತಪ್ಪು. ಮೆತ್ತನೆಯ ಹಿತ್ತಾಳೆ, ರಂಧ್ರ ಹಿಗ್ಗಿದರೆ ಮುಗಿಯಿತು. ಒಳಗಿನ ಕಸವನ್ನು ಗಾಳಿ ಊದಿಯೇ ತೆಗೆಯಬೇಕು.

ಕಿಡಿಯ ಟೈಮಿಂಗ್ ಕೂತ ಮೇಲೆ ಮಿಸ್ತ್ರಿ ಎಂಜಿನ್ ಬಿಸಿ ಮಾಡಿ ಏರ್ ಸ್ಕ್ರೂ ಹಿಡಿಯುತ್ತಾನೆ. ಸ್ಲೋದಲ್ಲಿ ಸದ್ದು ಎಲ್ಲಿ ಅತಿ ಚುರುಕಾಗುತ್ತದೋ ಅಲ್ಲಿ ನಿಲ್ಲಿಸಿ, ಬೇಕೆನಿಸಿದರೆ ಒಂದಿಷ್ಟು ಒಳಕ್ಕೆ ತಿರುವುತ್ತಾನೆ. ಗಾಳಿ ತಗ್ಗುತ್ತದೆ, ಮಿಶ್ರಣ ದಟ್ಟವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸ್ಲೋ ಜೆಟ್ ಒಂದು ನಂಬರ್ ದೊಡ್ಡದು. ಕೊನೆಗೆ ಗಾಡಿ ಓಡಿಸಿ ಬಂದು ಪ್ಲಗ್ ಬಿಚ್ಚುತ್ತಾನೆ: ಬಿಳಿಚಿದ್ದರೆ ತೆಳು, ಮಸಿ ಹಿಡಿದಿದ್ದರೆ ದಟ್ಟ, ಕಂದು ಬಣ್ಣವಾದರೆ ಸರಿ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಇಲ್ಲವಾಯಿತು. ಆದರೂ ಹುಡುಗರಿಗೆ ಈ ವಿದ್ಯೆ ಕಲಿಸಬೇಕೆಂದೇ ನನ್ನ ಒತ್ತಾಯ. ಹೊಲದಲ್ಲಿ ಔಷಧ ಹೊಡೆಯುವ ಪೆಟ್ರೋಲ್ ಪಂಪು, ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಕಾರ್ಬೊರೇಟರ್ ಇನ್ನೂ ಇದೆ. ಎಥೆನಾಲ್ ನೀರಿನ ಪಸೆ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಂಗಾಮು ಮುಗಿದಾಗ ಟಾಕಿ ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ. ಮುಂದಿನ ಹಂಗಾಮಿಗೆ ಜೆಟ್ ಕಟ್ಟಿಕೊಳ್ಳುವುದಿಲ್ಲ.