ಸ್ರಾವ ಒಂದೇ, ಕಾರಣ ಒಂಬತ್ತು

ಮಕರ ಮಾಸ ಮುಗಿಯುವ ಹೊತ್ತಿಗೆ ತುಳುನಾಡಿನಲ್ಲಿ ಕೆಡ್ಡಸ. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮೂರು ದಿನ ಯಾರೂ ಗದ್ದೆ ಉಳುವುದಿಲ್ಲ, ನೆಲ ಅಗೆಯುವುದಿಲ್ಲ. ಭೂಮಿಯ ಮುಟ್ಟಿಗೆ ಹೀಗೆ ದಿನ ಎಣಿಸುವ ಸೀಮೆಯಲ್ಲಿ ಹೆಂಗಸರ ಮುಟ್ಟಿನ ಲೆಕ್ಕ ಕೇಳಿ ನೋಡಿ. ಕಾಪುವಿನಲ್ಲಿ ಮೀನು ಮಾರುವವರಿರಲಿ, ಕಾರ್ಕಳದ ಕಡೆ ಬೀಡಿ ಕಟ್ಟುವವರಿರಲಿ, ಮಣಿಪಾಲದಲ್ಲಿ ಆಫೀಸಿಗೆ ಹೋಗುವವರಿರಲಿ, ಹೆಚ್ಚಾಗಿ ಸಿಗುವ ಉತ್ತರ "ಸ್ವಲ್ಪ ಜಾಸ್ತಿ ಹೋಗ್ತದೆ" ಎಂಬಲ್ಲಿಗೆ ನಿಲ್ಲುತ್ತದೆ. ಪಕ್ಕದಲ್ಲಿ ಅತ್ತಿಗೆಯೋ ಚಿಕ್ಕಮ್ಮನೋ ಇದ್ದರೆ "ನಿಲ್ಲುವ ಪ್ರಾಯ ಅಲ್ವಾ, ಹಾಗೇ ಆಗ್ತದೆ" ಎಂಬ ಸಮಾಧಾನವೂ ಸೇರುತ್ತದೆ. ಆ ಸಮಾಧಾನದಲ್ಲೇ ವರ್ಷಗಟ್ಟಲೆ ಕಳೆದುಹೋಗುವುದುಂಟು.

ಜಾಸ್ತಿ ಎಂದರೆ ಎಷ್ಟು? ಎರಡು ಮುಟ್ಟಿನ ನಡುವೆ 24ರಿಂದ 38 ದಿನ, ಸ್ರಾವ ಎಂಟು ದಿನದೊಳಗೆ, ಹೋಗುವ ರಕ್ತ 80 ಮಿಲಿಲೀಟರಿನೊಳಗೆ: ವೈದ್ಯರು ಸಹಜವೆನ್ನುವುದು ಇಷ್ಟನ್ನು. 80 ಮಿಲಿಲೀಟರ್ ಅಂದರೆ ಹೋಟೆಲಿನ ಸಣ್ಣ ಗ್ಲಾಸಿನ ಚಹಾದಷ್ಟು. ಅಳೆದು ನೋಡುವವರು ಯಾರೂ ಇಲ್ಲವಾದ್ದರಿಂದ 1990ರಲ್ಲಿ ಬ್ರಿಟನ್ನಿನ ವೈದ್ಯರು ಅಂಕ ಹಾಕುವ ಒಂದು ಚಾರ್ಟ್ ಮಾಡಿದರು. ಪೂರ್ತಿ ತೊಯ್ದ ಪ್ಯಾಡಿಗೆ 20, ಅರ್ಧಂಬರ್ಧ ತೊಯ್ದದ್ದಕ್ಕೆ 5, ಬರೀ ಕಲೆಯಾದದ್ದಕ್ಕೆ 1. ನಾಣ್ಯದ ಗಾತ್ರದ ಹೆಪ್ಪುಗಳಿಗೂ ಅಂಕವುಂಟು. ಒಂದು ಮುಟ್ಟಿನ ಮೊತ್ತ 100 ದಾಟಿದರೆ ಸ್ರಾವ ಅತಿಯಾಗಿದೆ ಎಂದು ತಿಳಿಯಬಹುದು. ಅಂದರೆ ಪೂರ್ತಿ ತೊಯ್ದ ಐದು ಪ್ಯಾಡು ಬದಲಿಸುವಾಗಲೇ ಗಡಿ ಬಂದಾಯಿತು. ಬಟ್ಟೆ ಬಳಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಆದರೆ ರಾತ್ರಿ ಎದ್ದು ಬಟ್ಟೆ ಬದಲಿಸಬೇಕಾಗುತ್ತದೆಯೇ, ಆ ದಿನಗಳಲ್ಲಿ ಬಸ್ಸು ಹತ್ತಲು ಹೆದರಿಕೆಯೇ ಎಂಬ ಪ್ರಶ್ನೆಗಳೂ ಅಷ್ಟೇ ಒಳ್ಳೆಯ ಅಳತೆಗೋಲು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದ ಹಾಗೆ.

ಗಡಿ ದಾಟಿದರೆ ಆಗುವ ನಷ್ಟ ಕಬ್ಬಿಣದ್ದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಿಂಗಳಿಗೆ 160 ಮಿಲಿಲೀಟರ್ ಹೋದರೆ ಕಬ್ಬಿಣ 80 ಮಿಲಿಗ್ರಾಂ ಹೋಯಿತು. ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ, ಉಳಿದ ಖರ್ಚೂ ಅದರಲ್ಲೇ ನಡೆಯಬೇಕು. ಕುಚ್ಚಲಕ್ಕಿ ಗಂಜಿಗೆ ಬಂಗುಡೆ ಸಾರು ಎಷ್ಟೇ ಬಡಿಸಿಕೊಂಡರೂ ಈ ಸಾಲ ತೀರುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಅದಕ್ಕೆ ಕಾರಣ ಹಲವು, ಆದರೆ ಕಬ್ಬಿಣದ ಮಾತ್ರೆ ಬರೆದುಕೊಡುವಾಗ ಮುಟ್ಟಿನ ವಿಚಾರ ಕೇಳದಿದ್ದರೆ ತೂತಾದ ಕೊಡಕ್ಕೆ ನೀರು ಹೊಯ್ದಂತೆಯೇ.

ಇನ್ನು ಕಾರಣಗಳು. ಸ್ತ್ರೀರೋಗ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟ 2011ರಲ್ಲಿ ಇವನ್ನು ಒಂಬತ್ತು ಗುಂಪು ಮಾಡಿತು. ಮೊದಲ ನಾಲ್ಕು ಕಣ್ಣಿಗೆ ಬೀಳುವಂಥವು: ಪಾಲಿಪ್ ಎಂಬ ಮಾಂಸದ ಕುಡಿ, ಒಳಪದರವು ಗರ್ಭಕೋಶದ ಸ್ನಾಯುವಿನೊಳಗೇ ಬೆಳೆಯುವ ಅಡಿನೊಮಯೋಸಿಸ್, ಫೈಬ್ರಾಯ್ಡ್ ಗಡ್ಡೆ, ಕ್ಯಾನ್ಸರು ಅಥವಾ ಅದರ ಮುನ್ನಿನ ಹಂತ. ಉಳಿದ ಐದು ಸ್ಕ್ಯಾನಿಂಗಿನಲ್ಲಿ ಕಾಣುವುದೇ ಇಲ್ಲ. ನನಗೆ ಮುಖ್ಯವೆನಿಸುವುದು ಇದೇ. ಸ್ಕ್ಯಾನ್ ರಿಪೋರ್ಟಿನಲ್ಲಿ ಗಡ್ಡೆ ಎಂಬ ಪದ ಕಂಡ ಕೂಡಲೇ ಕಳ್ಳ ಸಿಕ್ಕಿಬಿದ್ದ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಡುತ್ತಾರೆ. ಐವತ್ತರ ಹೊತ್ತಿಗೆ ಬಹುಪಾಲು ಹೆಂಗಸರಲ್ಲಿ ಸಣ್ಣದೋ ದೊಡ್ಡದೋ ಫೈಬ್ರಾಯ್ಡ್ ಇರುತ್ತದೆ, ಹೆಚ್ಚಿನವು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಗರ್ಭಕೋಶದ ಹೊರಮೈಯಲ್ಲಿ ಕೂತ ಎಂಟು ಸೆಂಟಿಮೀಟರಿನ ಗಡ್ಡೆ ಸುಮ್ಮನಿರಬಹುದು, ಒಳಪದರಕ್ಕೆ ಚಾಚಿಕೊಂಡ ಎರಡು ಸೆಂಟಿಮೀಟರಿನದು ರಕ್ತದ ಹೊಳೆ ಹರಿಸಬಹುದು. ನೋಡಬೇಕಾದದ್ದು ಗಾತ್ರಕ್ಕಿಂತ ಹೆಚ್ಚಾಗಿ ಜಾಗವನ್ನು. ಫೈಬ್ರಾಯ್ಡ್ ಕ್ಯಾನ್ಸರಾಗುವುದು ತೀರಾ ಅಪರೂಪ, ಮುಟ್ಟು ನಿಂತ ಮೇಲೆ ತಾನಾಗಿ ಕುಗ್ಗುವುದೇ ಹೆಚ್ಚು.

ಕಾಣದ ಕಾರಣಗಳಲ್ಲಿ ದೊಡ್ಡದು ಅಂಡೋತ್ಪತ್ತಿಯ ಏರುಪೇರು. ಅಂಡ ಬಿಡುಗಡೆಯಾದ ಮೇಲಷ್ಟೇ ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಸಾಕಷ್ಟು ತಯಾರಾಗುತ್ತದೆ. ಅಂಡ ಬಿಡುಗಡೆಯಾಗದ ತಿಂಗಳು ಈಸ್ಟ್ರೋಜೆನ್ ಒಂದೇ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ. ಹಿಡಿತವಿಲ್ಲದೆ ದಪ್ಪವಾದ ಪದರ ಎಲ್ಲೆಲ್ಲೋ ಕಳಚಿ ವಾರಗಟ್ಟಲೆ ಸೋರುತ್ತದೆ. ಆಗಷ್ಟೇ ಮುಟ್ಟಾಗಲು ಶುರುವಾದ ಹುಡುಗಿಯರು, ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇರುವ ಯುವತಿಯರು, ನಲವತ್ತು ದಾಟಿದವರು ಮೂವರಲ್ಲೂ ನಡೆಯುವುದು ಇದೇ. ಥೈರಾಯ್ಡ್ ಕುಂದಿದರೂ ಸ್ರಾವ ಕೆಡುತ್ತದೆ, ರಕ್ತ ಪರೀಕ್ಷೆಯಿಂದ ಅದನ್ನು ಪತ್ತೆ ಮಾಡಬಹುದು. ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುವ ಹುಡುಗಿಯರಲ್ಲಿ ರಕ್ತ ಹೆಪ್ಪುಗಟ್ಟುವ ದೋಷವನ್ನೂ ಹುಡುಕಬೇಕು. 1926ರಲ್ಲಿ ಫಿನ್ಲೆಂಡಿನ ಎರಿಕ್ ವಾನ್ ವಿಲೆಬ್ರಾಂಡ್ ಮೊದಲ ಬಾರಿ ಬಣ್ಣಿಸಿದ ಅಂಥ ಕಾಯಿಲೆಗೆ ಅವರದೇ ಹೆಸರಿದೆ. ಅವರು ನೋಡಿದ ಕುಟುಂಬದ ಒಬ್ಬ ಹುಡುಗಿ 13ನೇ ವಯಸ್ಸಿನಲ್ಲಿ, ನಾಲ್ಕನೆಯ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು.

ಕಾರಣ ಹೀಗೆ ಬೇರೆಯಾದರೆ ಮದ್ದೂ ಬೇರೆ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ 1962ರಲ್ಲಿ ಜಗತ್ತಿಗೆ ತಿಳಿಸಿದ ಟ್ರಾನೆಕ್ಸಾಮಿಕ್ ಆಸಿಡ್, ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಈ ಮಾತ್ರೆಯಿಂದ ಸ್ರಾವ ಅರ್ಧದಷ್ಟರವರೆಗೂ ತಗ್ಗಬಹುದು. ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಇದು ಸಲ್ಲದು. ಇನ್ನೊಂದು, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನಿನ ಸಾಧನ. ಇದನ್ನು ಕಂಡರೆ ನಮ್ಮಲ್ಲಿ ಹೆದರಿಕೆ, ಯಾಕೆಂದರೆ ನೋಡಲಿಕ್ಕೆ ಕಾಪರ್-ಟಿಯ ಹಾಗೇ ಉಂಟು. ಕಾಪರ್-ಟಿ ಸ್ರಾವ ಹೆಚ್ಚಿಸಬಹುದು, ಇದು ಅದಕ್ಕೆ ತದ್ವಿರುದ್ಧ. ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಹಾರ್ಮೋನನ್ನು ಅಲ್ಲೇ ಬಿಡುತ್ತಾ ಒಳಪದರವನ್ನು ತೆಳುವಾಗಿಸುತ್ತದೆ. ಮೊದಲ ಕೆಲವು ತಿಂಗಳು ಚೂರುಪಾರು ಕಲೆ ಕಾಣುತ್ತದೆ ಎಂದು ಮೊದಲೇ ಹೇಳದಿದ್ದರೆ ಹಾಕಿಸಿಕೊಂಡವರು ಗಾಬರಿಯಾಗಿ ತೆಗೆಸಿಬಿಡುತ್ತಾರೆ.

ಇಷ್ಟೆಲ್ಲ ದಾರಿಯಿದ್ದರೂ "ಮಕ್ಕಳಾಯ್ತಲ್ಲ, ಇನ್ಯಾಕೆ ಅದು, ತೆಗೆಸಿಬಿಡಿ" ಎಂಬ ಮಾತು ಸುಲಭವಾಗಿ ಬರುತ್ತದೆ. ದೇಶದಲ್ಲಿ ಐವತ್ತರೊಳಗೇ ಗರ್ಭಕೋಶ ತೆಗೆಸಿಕೊಂಡವರು ಹೇಳುವ ಮುಖ್ಯ ಕಾರಣ ಅತಿಸ್ರಾವವೇ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ತೆಗೆಯಲೇಬೇಕಾದ ಸಂದರ್ಭಗಳಿವೆ, ಅದರಿಂದ ಬದುಕು ಹಗುರಾದವರೂ ಇದ್ದಾರೆ. ಆದರೆ ನಲವತ್ತರ ಆಸುಪಾಸಿನಲ್ಲಿ ಜತೆಗೆ ಅಂಡಾಶಯವನ್ನೂ ತೆಗೆದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಅಂಡಾಶಯವನ್ನು ಉಳಿಸುತ್ತಾರೆಯೇ ಎಂಬುದು ಆಪರೇಷನ್ನಿಗೆ ಮುಂಚೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ.

ಕಾಯಲೇಬಾರದ ಸ್ರಾವವೂ ಉಂಟು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಚುಕ್ಕೆ ಕಂಡರೂ ಲೆಕ್ಕಕ್ಕೆ ಬರುತ್ತದೆ. ಹೀಗೆ ಬಂದವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಒಳಪದರದ ಕ್ಯಾನ್ಸರ್ ಇರುತ್ತದೆ. ಸಂಭೋಗದ ನಂತರ ರಕ್ತ ಕಂಡರೆ ಗರ್ಭಕೊರಳನ್ನು ನೋಡಬೇಕು. ಸ್ರಾವವೇನೂ ಇಲ್ಲದಿದ್ದರೂ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೊರಳಿನ ತಪಾಸಣೆ ಸರಕಾರಿ ಕಾರ್ಯಕ್ರಮದಲ್ಲೇ ಇದೆ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ, ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ.

ಉಡುಪಿ ಜಿಲ್ಲೆಯಲ್ಲಿ ಆಸ್ಪತ್ರೆ ದೂರ ಎಂದು ಹೇಳಲಿಕ್ಕಿಲ್ಲ. ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲೇ ಉಡುಪಿಯಲ್ಲಿ ಹೆಂಗಸರು-ಮಕ್ಕಳಿಗಾಗಿ ಆಸ್ಪತ್ರೆ ತೆರೆದಿದ್ದರು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಉಡುಪಿಯಲ್ಲಿ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆಯೂ ಉಂಟು, ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ. ಕ್ಯಾನ್ಸರ್ ಇದೆಯೇ ಎಂದು ನೋಡಲು ಒಳಪದರದ ಚೂರು ತೆಗೆಯುವ ಪರೀಕ್ಷೆಗೆ ಅರಿವಳಿಕೆ ಬೇಡ, ಸಪೂರ ಕೊಳವೆಯೊಂದು ಸಾಕು. ಒಂದೆರಡು ನಿಮಿಷ ಹೊಟ್ಟೆ ಹಿಂಡಿದ ಹಾಗಾಗುತ್ತದೆ, ಅದೇ ದಿನ ಬಸ್ಸು ಹಿಡಿದು ಮನೆಗೆ ಹೋಗಬಹುದು.